16 ಜಿಬಿ ಗ್ರಾಫಿಕ್ಸ್ ಕಾರ್ಡು 8 ಜಿಬಿಗಿಂತ ಎರಡು ಪಟ್ಟು ವೇಗವೇ? ಗೇಮಿಂಗ್ ಪಿಸಿ ಕೊಳ್ಳುವ ಮುನ್ನ ಓದಿ

"ಗೇಮಿಂಗ್ ಪಿಸಿ ತಗೊಳ್ತಿದ್ದೀರಾ? ಗ್ರಾಫಿಕ್ಸ್ ಕಾರ್ಡಿನ ಜಿಬಿ ನೋಡಿ ಸಾಕು. 4 ಜಿಬಿ ಸಾಧಾರಣ, 8 ಜಿಬಿ ಉತ್ತಮ, 16 ಜಿಬಿ ಅತ್ಯುತ್ತಮ. ಮೋಸ ಹೋಗಬೇಡಿ, ಎಲ್ಲರಿಗೂ ಕಳಿಸಿ." ಈ ಧಾಟಿಯ ಸಂದೇಶ ಒಂದಲ್ಲ ಒಂದು ರೂಪದಲ್ಲಿ ನಿಮ್ಮ ಫೋನಿಗೂ ಬಂದಿರುತ್ತದೆ. ನಮಗೂ ಬಂದಿದೆ. ಕಳಿಸಿದವರು ಕೆಟ್ಟವರೇನಲ್ಲ, ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದೇ ಕಳಿಸಿರುತ್ತಾರೆ. ತೊಂದರೆ ಏನೆಂದರೆ, ಈ ಸಲಹೆ ನಂಬಿದವರೇ ಹೆಚ್ಚಾಗಿ ಮೋಸ ಹೋಗುತ್ತಾರೆ.

ಗೇಮಿಂಗ್ ಪಿಸಿ ಎಂದರೆ ಇವತ್ತು ಕಡಿಮೆ ಖರ್ಚಿನ ಮಾತಲ್ಲ. ಪಿಯುಸಿ ಮುಗಿಸಿದ ಮಗನಿಗೋ ಮಗಳಿಗೋ ಕೊಟ್ಟ ಮಾತು ಉಳಿಸಿಕೊಳ್ಳಲು ಚೀಟಿ ಎತ್ತಿದ ಅಪ್ಪ ಅಮ್ಮಂದಿರಿದ್ದಾರೆ, ಮೊದಲ ಕೆಲಸದ ಮೊದಲ ಮೂರು ಸಂಬಳ ಕೂಡಿಟ್ಟವರಿದ್ದಾರೆ. ಆ ಹಣದಲ್ಲಿ ಮೂರನೇ ಒಂದು ಭಾಗ, ಕೆಲವೊಮ್ಮೆ ಅರ್ಧದಷ್ಟು, ಗ್ರಾಫಿಕ್ಸ್ ಕಾರ್ಡಿಗೇ ಹೋಗುತ್ತದೆ. ಅದೊಂದರಲ್ಲಿ ಎಡವಿದರೆ ಉಳಿದದ್ದೆಲ್ಲ ಸರಿಯಿದ್ದರೂ ಗೇಮ್ ಓಡುವುದಿಲ್ಲ. ಹಾಗಾಗಿ ಈ ಜಿಬಿ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ.

ಮದುವೆ ಛತ್ರದ ಅಡುಗೆಮನೆ

ಗ್ರಾಫಿಕ್ಸ್ ಕಾರ್ಡಿನ ಕೆಲಸ ಪರದೆಯ ಮೇಲೆ ಚಿತ್ರ ಬಿಡಿಸುವುದು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡು. ಇಷ್ಟರಲ್ಲಿ ಲಕ್ಷಾಂತರ ಚುಕ್ಕೆಗಳ ಬಣ್ಣ, ನೆರಳು, ಬೆಳಕು ಎಲ್ಲವೂ ಲೆಕ್ಕವಾಗಿ ಮುಗಿಯಬೇಕು.

ಇದನ್ನು ಮದುವೆ ಛತ್ರದ ಅಡುಗೆಮನೆಗೆ ಹೋಲಿಸಬಹುದು. ಕಾರ್ಡಿನೊಳಗಿನ ಚಿಪ್ಪೇ ಅಡುಗೆ ಭಟ್ಟರ ತಂಡ. ಅದರಲ್ಲಿ ಎಷ್ಟು ಕೋರ್‌ಗಳಿವೆ, ಯಾವ ಪೀಳಿಗೆಯವು ಎಂಬುದರ ಮೇಲೆ ಎಷ್ಟು ಬೇಗ ಅಡುಗೆಯಾಗುತ್ತದೆ ಎಂಬುದು ನಿಂತಿದೆ. ಜಿಬಿ ಎಂದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಕಾರ್ಡಿನ ಸ್ವಂತ ಮೆಮೊರಿ. ಅಂದರೆ ತರಕಾರಿ, ತೆಂಗಿನಕಾಯಿ, ಮಸಾಲೆ ಹರವಿಟ್ಟುಕೊಳ್ಳುವ ಕಟ್ಟೆ ಎಷ್ಟು ದೊಡ್ಡದು ಎಂಬ ಲೆಕ್ಕ. ಕಟ್ಟೆಯಿಂದ ಭಟ್ಟರ ಕೈಗೆ ಸಾಮಾನು ಎಷ್ಟು ಬೇಗ ತಲುಪುತ್ತದೆ ಎಂಬುದು ಇನ್ನೊಂದು ಲೆಕ್ಕ, ಅದಕ್ಕೆ ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ಕಟ್ಟೆ ತುಂಬಿಹೋದರೆ ಉಳಿದ ಸಾಮಾನನ್ನು ದೂರದ ಉಗ್ರಾಣದಲ್ಲಿ, ಅಂದರೆ ಕಂಪ್ಯೂಟರಿನ ಮಾಮೂಲಿ ರ‍್ಯಾಮ್‌ನಲ್ಲಿ ಇಡಬೇಕಾಗುತ್ತದೆ.

ಕಟ್ಟೆಯನ್ನು ಎರಡು ಪಟ್ಟು ಉದ್ದ ಮಾಡಿದ ಮಾತ್ರಕ್ಕೆ ಊಟ ಎರಡು ಪಟ್ಟು ಬೇಗ ಆಗುವುದಿಲ್ಲ. ಇಬ್ಬರೇ ಭಟ್ಟರಿದ್ದರೆ ಅವರು ಇಬ್ಬರೇ. ಆದರೆ ಕಟ್ಟೆ ಸಾಲದೆ ಹೋದರೆ ಹತ್ತು ಭಟ್ಟರಿದ್ದರೂ ಕೈಕಟ್ಟಿ ಕೂರಬೇಕು. ಈ ಎರಡನೆಯ ಮಾತನ್ನೂ ನೆನಪಿಡಿ, ಮುಂದೆ ಬೇಕಾಗುತ್ತದೆ.

ಜಿಬಿ ಒಂದೇ, ಕಾರ್ಡು ಬೇರೆ

ಹಳೆಯದೊಂದು ಜೋಡಿ ನೋಡಿ. ಜಿಟಿ 730 ಎಂಬ ಕಾರ್ಡು 2014ರದ್ದು. ಅದರಲ್ಲಿ 4 ಜಿಬಿಯ ಮಾದರಿಗಳೂ ಬಂದವು. ಜಿಟಿಎಕ್ಸ್ 1650 ಎಂಬುದು 2019ರದ್ದು, ಅದೂ 4 ಜಿಬಿ. ಫಾರ್ವರ್ಡಿನ ಲೆಕ್ಕದಲ್ಲಿ ಎರಡೂ ಸಮ, ಹಾಗಿದ್ದರೆ ಅಗ್ಗದ್ದನ್ನೇ ಕೊಳ್ಳಬಹುದಲ್ಲ!

ಒಳಗೆ ಏನಿದೆ? 1650ರಲ್ಲಿ 896 ಕೋರ್‌ಗಳು, ಸೆಕೆಂಡಿಗೆ 128 ಜಿಬಿ ಬ್ಯಾಂಡ್‌ವಿಡ್ತ್. ಡಿಡಿಆರ್3 ಮೆಮೊರಿಯ 64 ಬಿಟ್ ಜಿಟಿ 730ರಲ್ಲಿ 384 ಹಳೆಯ ಕೋರ್‌ಗಳು, ಬ್ಯಾಂಡ್‌ವಿಡ್ತ್ ಸೆಕೆಂಡಿಗೆ ಬರೀ 14.4 ಜಿಬಿ. ಒಂಬತ್ತು ಪಟ್ಟಿನಷ್ಟು ಅಂತರ. ಅಷ್ಟು ಸಣ್ಣ ಚಿಪ್ಪಿಗೆ 4 ಜಿಬಿ ಕೊಟ್ಟದ್ದು ಗೇಮ್ ಓಡಲಿ ಎಂದಲ್ಲ, ಡಬ್ಬದ ಮೇಲೆ 4 ಜಿಬಿ ಎಂದು ಬರೆಯಲಿ ಎಂದು. ಜಿಬಿ ನೋಡಿ ಕೊಳ್ಳುವ ಗಿರಾಕಿ ಇರುವವರೆಗೆ ಇಂಥ ಕಾರ್ಡುಗಳು ತಯಾರಾಗುತ್ತವೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜಿಬಿ ಕಡಿಮೆಯಿರುವ ಕಾರ್ಡೇ ವೇಗವಾಗಿರುವ ಉದಾಹರಣೆ ನೋಡೋಣ. 2021ರ ಆರ್‌ಟಿಎಕ್ಸ್ 3060ಗೆ 12 ಜಿಬಿ, 2023ರ ಆರ್‌ಟಿಎಕ್ಸ್ 4060ಗೆ 8 ಜಿಬಿ. ಕೋರ್‌ಗಳ ಸಂಖ್ಯೆಯೂ 3060ರಲ್ಲೇ ಹೆಚ್ಚು, 3584. 4060ರಲ್ಲಿ 3072. ಬ್ಯಾಂಡ್‌ವಿಡ್ತ್ ಕೂಡ 3060ರಲ್ಲೇ ಜಾಸ್ತಿ, 360ಕ್ಕೆ 272. ಡಬ್ಬದ ಮೇಲಿನ ಯಾವ ಅಂಕಿ ನೋಡಿದರೂ 3060 ಗೆಲ್ಲಬೇಕು. ಆದರೂ 1080ಪಿ ಪರದೆಯ ಮೇಲೆ ಬಹುಪಾಲು ಗೇಮ್‌ಗಳಲ್ಲಿ 4060 ಸುಮಾರು ಐದನೇ ಒಂದು ಭಾಗದಷ್ಟು ಮುಂದಿರುತ್ತದೆ. ಕಾರಣ, ಅದರ ಚಿಪ್ ಹೊಸ ಪೀಳಿಗೆಯದು. ಹೆಚ್ಚು ಗಡಿಯಾರ ವೇಗದಲ್ಲಿ ಓಡುತ್ತದೆ, ಪದೇ ಪದೇ ಬೇಕಾಗುವ ಸಾಮಾನನ್ನು ಕೈಗೆಟುಕುವಲ್ಲೇ ಇಟ್ಟುಕೊಳ್ಳುವ ದೊಡ್ಡ ಕ್ಯಾಶ್ ಅದಕ್ಕಿದೆ. 3060ರಲ್ಲಿ ಈ ಎರಡನೇ ಹಂತದ ಕ್ಯಾಶ್ 3 ಎಂಬಿ, 4060ರಲ್ಲಿ 24 ಎಂಬಿ. ಭಟ್ಟರು ಕಟ್ಟೆಗೆ ಓಡುವುದೇ ಕಡಿಮೆಯಾಯಿತು. ವಿದ್ಯುತ್ ಬಳಕೆಯೂ 170 ವಾಟ್‌ನಿಂದ 115ಕ್ಕೆ ಇಳಿಯಿತು.

ಇದಕ್ಕಿಂತ ಕಟುವಾದ ಉದಾಹರಣೆ ಜಿಟಿಎಕ್ಸ್ 1080 ಟಿಐ. 2017ರಲ್ಲಿ ಅದು ರಾಜ, 11 ಜಿಬಿ ಮೆಮೊರಿ. ಇವತ್ತಿಗೂ ಹಳೆಯ ಗೇಮ್‌ಗಳನ್ನು ಚೆನ್ನಾಗಿ ಓಡಿಸುತ್ತದೆ. ಆದರೆ 2024ರ ಕೊನೆಯಲ್ಲಿ ಬಂದ 'ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್' ಗೇಮ್‌ಗೆ ರೇ ಟ್ರೇಸಿಂಗ್, ಅಂದರೆ ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕಹಾಕುವ ಯಂತ್ರಾಂಶ, ಕಡ್ಡಾಯ. 1080 ಟಿಐನಲ್ಲಿ ಅದು ಇಲ್ಲವೇ ಇಲ್ಲ. 8 ಜಿಬಿಯ ಆರ್‌ಟಿಎಕ್ಸ್ 2060 ಸೂಪರ್ ಇದ್ದರೆ ಸಾಕು ಎನ್ನುವ ಗೇಮ್, 11 ಜಿಬಿಯ ಕಾರ್ಡನ್ನು ಬೇಡ ಎನ್ನುತ್ತದೆ. 2025ರ 'ಡೂಮ್: ದ ಡಾರ್ಕ್ ಏಜಸ್' ಕೂಡ ಹೀಗೆಯೇ.

ಹಾಗಾದರೆ ಜಿಬಿ ಬೇಡವೇ? ಬೇಕು!

ಇಲ್ಲಿಯವರೆಗೆ ಓದಿ "ಜಿಬಿ ಮುಖ್ಯ ಅಲ್ಲವಂತೆ, ಎಲ್ಲರಿಗೂ ಕಳಿಸಿ" ಎಂದು ಹೊಸ ಫಾರ್ವರ್ಡ್ ಮಾಡಬೇಡಿ. ಅರ್ಧ ಓದಿ ಕಳಿಸಿದ ಸತ್ಯವೂ ಸುಳ್ಳಿನಷ್ಟೇ ದುಬಾರಿ. ಕಟ್ಟೆ ಸಾಲದಿದ್ದರೆ ಏನಾಗುತ್ತದೆ ಎಂಬ ಮಾತು ಬಾಕಿಯಿದೆ.

ಎನ್‌ವಿಡಿಯಾ 2025ರ ಏಪ್ರಿಲ್‌ನಲ್ಲಿ ಆರ್‌ಟಿಎಕ್ಸ್ 5060 ಟಿಐ ಎಂಬ ಕಾರ್ಡನ್ನು ಎರಡು ರೂಪದಲ್ಲಿ ತಂದಿತು. 8 ಜಿಬಿಯದ್ದು 379 ಡಾಲರ್, 16 ಜಿಬಿಯದ್ದು 429 ಡಾಲರ್. ಚಿಪ್ ಅದೇ, 4608 ಕೋರ್ ಅವೇ, ಬ್ಯಾಂಡ್‌ವಿಡ್ತ್ ಎರಡರಲ್ಲೂ ಸೆಕೆಂಡಿಗೆ 448 ಜಿಬಿ. ವ್ಯತ್ಯಾಸ ಕಟ್ಟೆಯದ್ದು ಮಾತ್ರ. ಆಟಕ್ಕೆ 6 ಜಿಬಿ ಸಾಕಾಗುವಾಗ ಎರಡೂ ಕಾರ್ಡು ಒಂದೇ ವೇಗ. 16 ಜಿಬಿ ಕೊಂಡವರಿಗೆ ಒಂದು ಫ್ರೇಮ್ ಕೂಡ ಹೆಚ್ಚು ಸಿಗುವುದಿಲ್ಲ.

ಆದರೆ ಗೇಮ್ 9 ಅಥವಾ 10 ಜಿಬಿ ಕೇಳಿತು ಎಂದುಕೊಳ್ಳಿ. ಈಚಿನ ದೊಡ್ಡ ಗೇಮ್‌ಗಳಲ್ಲಿ ಟೆಕ್ಸ್ಚರ್ ಅಲ್ಟ್ರಾ ಮಟ್ಟಕ್ಕೆ ಏರಿಸಿ, ರೇ ಟ್ರೇಸಿಂಗ್ ಹಾಕಿದರೆ ಇದು ಅಪರೂಪವೇನಲ್ಲ. ಆಗ 8 ಜಿಬಿ ಕಾರ್ಡು ಉಳಿದ ಸಾಮಾನಿಗಾಗಿ ಉಗ್ರಾಣಕ್ಕೆ ಓಡಬೇಕು. ಉಗ್ರಾಣಕ್ಕೆ ಹೋಗುವ ಓಣಿಯೇ ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್. ಈ ಕಾರ್ಡು ಅದರಲ್ಲಿ ಎಂಟೇ ದಾರಿಗಳನ್ನು ಬಳಸುತ್ತದೆ. ಹೊಸ ಐದನೇ ಪೀಳಿಗೆಯ ಬೋರ್ಡಿನಲ್ಲಿ ಈ ಓಣಿಯ ವೇಗ ಸೆಕೆಂಡಿಗೆ ಸುಮಾರು 32 ಜಿಬಿ. ಇಂಟೆಲ್ 10ನೇ ಪೀಳಿಗೆಯ ಅಥವಾ ಬಿ450 ಬೋರ್ಡಿನ ಹಳೆಯ ಪಿಸಿಯಲ್ಲಿ ಬರೀ 8. ಅಂದರೆ 448ರ ಹೆದ್ದಾರಿಯಿಂದ 8ರ ಸಂದಿಗೆ ಇಳಿದಂತೆ.

ಪರದೆಯ ಮೇಲೆ ಅದು ಹೇಗೆ ಕಾಣುತ್ತದೆ? ಸರಾಸರಿ ಎಫ್‌ಪಿಎಸ್ ಚೆನ್ನಾಗಿಯೇ ಇರಬಹುದು. ಆದರೆ ತಿರುವಿನಲ್ಲಿ ಗಾಡಿ ತಿರುಗಿಸಿದಾಗ, ಹೊಸ ಕೋಣೆಯ ಬಾಗಿಲು ತೆರೆದಾಗ ಚಿತ್ರ ಗಕ್ಕನೆ ನಿಲ್ಲುತ್ತದೆ. ಕೆಲವು ಗೇಮ್‌ಗಳು ನಿಲ್ಲುವ ಬದಲು ಗೋಡೆಗಳ ಚಿತ್ರವನ್ನೇ ಮಸುಕು ಮಾಡಿ ತೋರಿಸುತ್ತವೆ, ಎಫ್‌ಪಿಎಸ್ ಅಂಕಿ ಮಾತ್ರ ಮೇಲೇ ಇರುತ್ತದೆ. ಇದಕ್ಕೇ ಒಳ್ಳೆಯ ವಿಮರ್ಶಕರು ಸರಾಸರಿಯ ಜೊತೆಗೆ '1% ಲೋ' ಎಂಬ ಅಂಕಿಯನ್ನೂ ಕೊಡುತ್ತಾರೆ. ಅತಿ ನಿಧಾನದ ನೂರನೇ ಒಂದು ಭಾಗದ ಫ್ರೇಮ್‌ಗಳ ವೇಗ ಅದು. ವಾರವೆಲ್ಲ ನೀರು ಬಂದು ಹಬ್ಬದ ದಿನ ಬರದಿದ್ದರೆ 'ಸರಾಸರಿ ಚೆನ್ನಾಗಿದೆ' ಎನ್ನಲಾಗುತ್ತದೆಯೇ? ವಿಡಿಯೊ ವಿಮರ್ಶೆ ನೋಡುವಾಗ ಈ ಎರಡನೇ ಅಂಕಿಯನ್ನು ಹುಡುಕಿ.

ಎಎಮ್‌ಡಿ ಕೂಡ 2025ರ ಜೂನ್‌ನಲ್ಲಿ ಆರ್‌ಎಕ್ಸ್ 9060 ಎಕ್ಸ್‌ಟಿಯನ್ನು ಇದೇ ರೀತಿ ಎರಡು ರೂಪದಲ್ಲಿ ತಂದಿತು, 8 ಜಿಬಿಗೆ 299 ಡಾಲರ್, 16 ಜಿಬಿಗೆ 349. ಅದು ಹದಿನಾರು ದಾರಿಗಳನ್ನೂ ಬಳಸುವುದರಿಂದ ಹಳೆಯ ಬೋರ್ಡಿನಲ್ಲಿ ಓಣಿ ಎರಡು ಪಟ್ಟು ಅಗಲ. ನಮ್ಮ ಅಭಿಪ್ರಾಯ ಕೇಳಿದರೆ, ಹೊಸ ದೊಡ್ಡ ಗೇಮ್‌ಗಳನ್ನು ಆಡುವ ಉದ್ದೇಶವಿದ್ದು, ಐದು ವರ್ಷ ಅದೇ ಕಾರ್ಡಿನಲ್ಲಿ ಕಳೆಯಬೇಕೆಂದರೆ, ಈ ಮಟ್ಟದ ಚಿಪ್ಪಿಗೆ 16 ಜಿಬಿಯದ್ದೇ ಸರಿ. ಅಷ್ಟು ಹಣವಿಲ್ಲದೆ 8 ಜಿಬಿ ಕೊಂಡರೆ ಅದೇನೂ ಪಾಪವಲ್ಲ. ಟೆಕ್ಸ್ಚರ್ ಸೆಟ್ಟಿಂಗನ್ನು ಅಲ್ಟ್ರಾದಿಂದ ಒಂದೆರಡು ಮೆಟ್ಟಿಲು ಇಳಿಸಿದರೆ ಹೆಚ್ಚಿನ ಗೇಮ್‌ಗಳು ಸರಾಗವಾಗಿ ಓಡುತ್ತವೆ. ಅದನ್ನು ಇಳಿಸಲು ಒಪ್ಪದ ಮಗನಿಗೆ ಮಾತ್ರ ನಾವೇನೂ ಹೇಳಲಾರೆವು.

ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2, ಮೈನ್‌ಕ್ರಾಫ್ಟ್, ಜಿಟಿಎ 5 ಇಷ್ಟೇ ಆಡುವುದೆಂದರೆ ಈ 8 - 16ರ ಚರ್ಚೆಯೇ ಬೇಡ. ವ್ಯಾಲರಂಟ್‌ನ ಕನಿಷ್ಠ ಅಗತ್ಯದ ಪಟ್ಟಿಯಲ್ಲಿ ಇಂಟೆಲ್ ಎಚ್‌ಡಿ 4000 ಇದೆ, ಅದು ಪ್ರೊಸೆಸರಿನೊಳಗೇ ಬರುತ್ತಿದ್ದ ಹತ್ತು ವರ್ಷಕ್ಕೂ ಹಳೆಯ ಗ್ರಾಫಿಕ್ಸ್. ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ "ಯಾವ ಗೇಮ್ ಆಡ್ತೀಯಾ?" ಎಂಬುದು.

ಹೆಸರು ಒಂದೇ, ಒಳಗೆ ಬೇರೆ

ಜಿಬಿಗಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುವುದು ಹೆಸರು. ಒಂದೇ ಹೆಸರಿನಲ್ಲಿ ಎರಡು ಬೇರೆ ಕಾರ್ಡು ಮಾರುವುದು ಈ ಉದ್ಯಮದ ಹಳೆಯ ಚಾಳಿ, ಇದರಲ್ಲಿ ಎನ್‌ವಿಡಿಯಾ ಎಲ್ಲರಿಗಿಂತ ಮುಂದೆ.

ಆರ್‌ಟಿಎಕ್ಸ್ 3050 ಎಂದು ಕೇಳಿದರೆ ಅಂಗಡಿಯವರು 8 ಜಿಬಿಯದ್ದೋ 6 ಜಿಬಿಯದ್ದೋ ಎಂದು ಕೇಳಬೇಕು. 2024ರಲ್ಲಿ ಬಂದ 6 ಜಿಬಿಯದ್ದರಲ್ಲಿ ಮೆಮೊರಿ ಮಾತ್ರ ಕಡಿಮೆಯಾಗಿಲ್ಲ. ಕೋರ್ 2560ರಿಂದ 2304ಕ್ಕೆ, ಬ್ಯಾಂಡ್‌ವಿಡ್ತ್ 224ರಿಂದ 168ಕ್ಕೆ ಇಳಿದಿದೆ. ಅದು ಬೇರೆಯೇ ಕಾರ್ಡು, ಬೇರೆ ಹೆಸರು ಇಡಬೇಕಿತ್ತು. ನ್ಯಾಯಕ್ಕೆ ಹೇಳಬೇಕೆಂದರೆ ಅದಕ್ಕೂ ಒಂದು ಉಪಯೋಗವಿದೆ. 70 ವಾಟ್‌ನಲ್ಲಿ ಓಡುವುದರಿಂದ ಪ್ರತ್ಯೇಕ ಪವರ್ ಕೇಬಲ್ ಬೇಡ, ಆಫೀಸಿನ ಹಳೆಯ ಕಂಪ್ಯೂಟರಿಗೂ ಹಾಕಬಹುದು. 3060ಕ್ಕೂ 2022ರ ಕೊನೆಗೆ 8 ಜಿಬಿಯ ತಮ್ಮನೊಬ್ಬ ಹುಟ್ಟಿದ. ಕೋರ್ ಅಷ್ಟೇ, ಬ್ಯಾಂಡ್‌ವಿಡ್ತ್ ಮಾತ್ರ 360ರಿಂದ 240ಕ್ಕೆ. ಜಿಟಿ 1030ರದ್ದು ಇನ್ನೂ ವಿಚಿತ್ರ. ಎರಡರಲ್ಲೂ 2 ಜಿಬಿಯೇ, ಆದರೆ ಒಂದರಲ್ಲಿ ಜಿಡಿಡಿಆರ್5, ಇನ್ನೊಂದರಲ್ಲಿ ಡಿಡಿಆರ್4. ಸೆಕೆಂಡಿಗೆ 48 ಜಿಬಿ ಇದ್ದದ್ದು 17ರ ಹತ್ತಿರಕ್ಕೆ ಬಂತು.

ಜನ ಸುಮ್ಮನಿರದಿದ್ದರೆ ಕಂಪನಿಗಳು ಬಗ್ಗುತ್ತವೆ ಎಂಬುದಕ್ಕೂ ಸಾಕ್ಷಿ ಇದೆ. 2014ರ ಜಿಟಿಎಕ್ಸ್ 970 ಕಾರ್ಡಿನ 4 ಜಿಬಿಯಲ್ಲಿ ಕೊನೆಯ ಅರ್ಧ ಜಿಬಿ ತೀರಾ ನಿಧಾನ ಎಂಬುದು ಕೆಲವು ತಿಂಗಳ ನಂತರ ಬಳಕೆದಾರರ ಪರೀಕ್ಷೆಯಲ್ಲಿ ಬಯಲಾಯಿತು. ಅಮೆರಿಕದಲ್ಲಿ ಮೊಕದ್ದಮೆ ನಡೆದು, 2016ರಲ್ಲಿ ಕೊಂಡವರಿಗೆ ತಲಾ 30 ಡಾಲರ್ ಕೊಡಲು ಎನ್‌ವಿಡಿಯಾ ಒಪ್ಪಿತು. 2022ರ ಸೆಪ್ಟೆಂಬರ್‌ನಲ್ಲಿ ಆರ್‌ಟಿಎಕ್ಸ್ 4080 ಹೆಸರಿನಲ್ಲಿ 12 ಮತ್ತು 16 ಜಿಬಿಯ ಎರಡು ಕಾರ್ಡು ಘೋಷಿಸಿದರು, ಒಂದರಲ್ಲಿ 7680 ಕೋರ್, ಇನ್ನೊಂದರಲ್ಲಿ 9728. ಟೀಕೆ ಎಷ್ಟಾಯಿತೆಂದರೆ ಮುಂದಿನ ತಿಂಗಳೇ 12 ಜಿಬಿಯದ್ದನ್ನು ಹಿಂತೆಗೆದುಕೊಂಡರು. 2023ರ ಜನವರಿಯಲ್ಲಿ ಅದೇ ಕಾರ್ಡು 4070 ಟಿಐ ಎಂಬ ಹೆಸರಿನಲ್ಲಿ ಬಂತು.

ಲ್ಯಾಪ್‌ಟಾಪ್ ಕೊಳ್ಳುವವರಿಗೆ ಒಂದೇ ಮಾತು: ಹೆಸರು ಒಂದೇ ಆದರೂ ಲ್ಯಾಪ್‌ಟಾಪಿನ ಕಾರ್ಡು ಡೆಸ್ಕ್‌ಟಾಪಿನ ಕಾರ್ಡಲ್ಲ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4090ರಲ್ಲಿ 16384 ಕೋರ್, ಲ್ಯಾಪ್‌ಟಾಪಿನ 4090ರಲ್ಲಿ 9728.

549 ಡಾಲರಿಗೆ 1599 ಡಾಲರಿನ ವೇಗ?

2025ರ ಜನವರಿಯಲ್ಲಿ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್ ವೇದಿಕೆಯ ಮೇಲೆ, 549 ಡಾಲರಿನ ಹೊಸ ಆರ್‌ಟಿಎಕ್ಸ್ 5070 ಕಾರ್ಡು 4090ರ ವೇಗ ಕೊಡುತ್ತದೆ ಎಂದರು. ಆ ಒಂದು ಸಾಲು ವಾಟ್ಸ್‌ಆ್ಯಪ್ಪಿನಲ್ಲೂ ಯೂಟ್ಯೂಬಿನಲ್ಲೂ ಕಾಳ್ಗಿಚ್ಚಿನಂತೆ ಹಬ್ಬಿತು. ತಮ್ಮ ಹಳೆಯ 4090 ಮಾರಿಬಿಡಬೇಕೇ ಎಂದು ಗಾಬರಿಯಾದವರೂ ಇದ್ದರು.

4090 ಬಿಡುಗಡೆಯಾದಾಗ ಅದರ ಬೆಲೆ 1599 ಡಾಲರ್, ಕೋರ್ 16384, ಮೆಮೊರಿ 24 ಜಿಬಿ. 5070ರಲ್ಲಿ ಕೋರ್ 6144, ಮೆಮೊರಿ 12 ಜಿಬಿ. ಹಾಗಾದರೆ ಆ ಮಾತು ಎಲ್ಲಿಂದ ಬಂತು? ಮಲ್ಟಿ ಫ್ರೇಮ್ ಜನರೇಶನ್ ಎಂಬ ತಂತ್ರದಿಂದ. ಕಾರ್ಡು ನಿಜವಾಗಿ ಬಿಡಿಸಿದ ಎರಡು ಚಿತ್ರಗಳ ನಡುವೆ ಎಐ ಮೂರರವರೆಗೆ ಊಹೆಯ ಚಿತ್ರಗಳನ್ನು ಸೇರಿಸುತ್ತದೆ. 40 ಇದ್ದದ್ದು ಅಂಕಿಯಲ್ಲಿ 140 ದಾಟಬಹುದು. 4090ಕ್ಕೆ ಒಂದು ಊಹೆಯ ಚಿತ್ರ ಮಾತ್ರ ಸಾಧ್ಯ. ಒಬ್ಬರ ಸಾರಿಗೆ ಒಂದು ಲೋಟ ನೀರು, ಇನ್ನೊಬ್ಬರ ಸಾರಿಗೆ ಮೂರು ಲೋಟ ನೀರು ಸೇರಿಸಿ, ಪಾತ್ರೆ ಸಮನಾಗಿ ತುಂಬಿದೆ ಎಂದಂತೆ. ಊಹೆಯ ಚಿತ್ರ ಸೇರಿಸದೆ ಅಳೆದರೆ 4090 ಬಹಳ ಮುಂದಿದೆ.

ಹಾಗೆಂದು ಇದು ಬರೀ ನೀರೂ ಅಲ್ಲ. ಈಗಾಗಲೇ 60 ಎಫ್‌ಪಿಎಸ್ ಸಿಗುತ್ತಿರುವ ಗೇಮ್‌ನಲ್ಲಿ ಇದನ್ನು ಹಾಕಿದರೆ ದೃಶ್ಯ ನಿಜಕ್ಕೂ ನಯವಾಗಿ ಕಾಣುತ್ತದೆ. ಆದರೆ ನಡುವಿನ ಚಿತ್ರ ಊಹಿಸಲು ಮುಂದಿನ ನಿಜ ಚಿತ್ರವನ್ನು ಒಂದು ಗಳಿಗೆ ತಡೆಹಿಡಿಯಲೇಬೇಕು. ಹಾಗಾಗಿ ಮೌಸ್ ಒತ್ತಿದ್ದಕ್ಕೆ ಪರದೆ ಸ್ಪಂದಿಸುವುದು ಬೇಗವಾಗುವುದಿಲ್ಲ, ತುಸು ತಡವೇ ಆಗುತ್ತದೆ. 25 ಎಫ್‌ಪಿಎಸ್‌ನಲ್ಲಿ ತೆವಳುವ ಗೇಮನ್ನು ಇದರಿಂದ 90ಕ್ಕೆ ಏರಿಸಿದರೆ ನೋಡಲು ಓಟ, ಆಡಲು ಕೆಸರು.

ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದ ಇನ್ನೊಂದು ತಂತ್ರ ಅಪ್‌ಸ್ಕೇಲಿಂಗ್. ಸಣ್ಣ ಚಿತ್ರ ಬಿಡಿಸಿ ದೊಡ್ಡದು ಮಾಡುವುದು. ಎನ್‌ವಿಡಿಯಾದ್ದು ಡಿಎಲ್‌ಎಸ್‌ಎಸ್, ಎಎಮ್‌ಡಿಯದ್ದು ಎಫ್‌ಎಸ್‌ಆರ್, ಇಂಟೆಲ್‌ನದ್ದು ಎಕ್ಸ್‌ಇಎಸ್‌ಎಸ್. ಇಲ್ಲಿ ಕಾರ್ಡಿನ ಶ್ರಮ ನಿಜವಾಗಿಯೂ ಕಡಿಮೆಯಾಗುತ್ತದೆ, ಸ್ಪಂದನೆಯೂ ಚುರುಕಾಗುತ್ತದೆ. ಇದು ಮೋಸವಲ್ಲ, ಧಾರಾಳವಾಗಿ ಬಳಸಿ.

ಹಸಿರು ಪಕ್ಷ, ಕೆಂಪು ಪಕ್ಷ

ಎನ್‌ವಿಡಿಯಾ ಒಳ್ಳೆಯದೋ ಎಎಮ್‌ಡಿ ಒಳ್ಳೆಯದೋ ಎಂಬ ಜಗಳ ಚುನಾವಣೆಯ ಜಗಳದಂತೆ. ಎಎಮ್‌ಡಿ ಕಾರ್ಡು ಬಿಸಿಯಾಗಿ ಸುಟ್ಟುಹೋಗುತ್ತದೆ, ಡ್ರೈವರ್ ಕೈಕೊಡುತ್ತದೆ ಎಂಬುದು ಹಳೆಯ ಕಾಲದ ಕೆಲವು ಕಾರ್ಡುಗಳ ಅನುಭವದಿಂದ ಹುಟ್ಟಿ, ಕಾಲ ಬದಲಾದರೂ ಬದಲಾಗದೆ ಉಳಿದ ಮಾತು. ಬಿಸಿ ನಿರ್ಧಾರವಾಗುವುದು ಕಾರ್ಡು ಎಷ್ಟು ವಾಟ್ ಬಳಸುತ್ತದೆ, ಅದರ ಫ್ಯಾನು ಮತ್ತು ಹೀಟ್‌ಸಿಂಕ್ ಎಷ್ಟು ಒಳ್ಳೆಯದು, ನಿಮ್ಮ ಕ್ಯಾಬಿನೆಟ್ಟಿನಲ್ಲಿ ಗಾಳಿ ಆಡುತ್ತದೆಯೇ ಎಂಬುದರಿಂದ.

ನಿಜವಾದ ವ್ಯತ್ಯಾಸಗಳು ಬೇರೆ. ಒಂದೇ ಬೆಲೆಯಲ್ಲಿ ಎಎಮ್‌ಡಿ ಸಾಮಾನ್ಯವಾಗಿ ಹೆಚ್ಚು ಮೆಮೊರಿ ಕೊಡುತ್ತದೆ. ಡಿಎಲ್‌ಎಸ್‌ಎಸ್ ಹೆಚ್ಚು ಗೇಮ್‌ಗಳಲ್ಲಿದೆ. ಗೇಮ್ ಜೊತೆಗೆ ಬ್ಲೆಂಡರ್‌ನಲ್ಲಿ ಮೂರು ಆಯಾಮದ ಕೆಲಸ, ಎಐ ಪ್ರಯೋಗ ಇತ್ಯಾದಿ ಮಾಡುವ ವಿದ್ಯಾರ್ಥಿಯಾಗಿದ್ದರೆ ಎನ್‌ವಿಡಿಯಾದ ಕೂಡಾ ತಂತ್ರಾಂಶಕ್ಕೆ ಬೆಂಬಲ ಹೆಚ್ಚು, ಅಂಥವರು ಆ ಕಡೆ ವಾಲುವುದರಲ್ಲಿ ಅರ್ಥವಿದೆ. ಮೂರನೆಯವನಾದ ಇಂಟೆಲ್ 2024ರ ಡಿಸೆಂಬರ್‌ನಲ್ಲಿ 249 ಡಾಲರಿಗೆ 12 ಜಿಬಿಯ ಆರ್ಕ್ ಬಿ580 ತಂದಾಗ ಎಲ್ಲರೂ ಹುಬ್ಬೇರಿಸಿದರು. ಒಳ್ಳೆಯ ಕಾರ್ಡೇ, ಆದರೆ ಹೊಸ ಪ್ರೊಸೆಸರಿನ ಜೊತೆಗೆ. ಮದರ್‌ಬೋರ್ಡಿನಲ್ಲಿ ರಿಸೈಜಬಲ್ ಬಾರ್ ಎಂಬ ಸೌಲಭ್ಯ ಇರಲೇಬೇಕು, ಪ್ರೊಸೆಸರ್ ಹಳೆಯದಾದರೆ ಅದರ ಡ್ರೈವರಿನ ಹೊರೆಯಿಂದ ವೇಗ ಎದ್ದುಕಾಣುವಂತೆ ಕುಸಿಯುತ್ತದೆ. ಅಗ್ಗ ಎಂದು ಎಂಟು ವರ್ಷ ಹಳೆಯ ಪಿಸಿಗೆ ಹಾಕುವವರಿಗೆ ಅದು ಹೇಳಿಮಾಡಿಸಿದ್ದಲ್ಲ.

ಬೆಲೆಯ ಬಗ್ಗೆ ಒಂದು ಮಾತು. ಡಾಲರ್ ಬೆಲೆಯನ್ನು ರೂಪಾಯಿಗೆ ಗುಣಿಸಿ "ನಮ್ಮ ಅಂಗಡಿಯವರು ಲೂಟಿ ಮಾಡ್ತಿದ್ದಾರೆ" ಎನ್ನುವ ಸಂದೇಶವೂ ಓಡಾಡುತ್ತದೆ. ಅಮೆರಿಕದ ಬೆಲೆಯಲ್ಲಿ ಅಲ್ಲಿನ ತೆರಿಗೆ ಸೇರಿರುವುದಿಲ್ಲ. ಇಲ್ಲಿ ನಾವು ಕೊಡುವುದರಲ್ಲಿ ಶೇ. 18ರ ಜಿಎಸ್‌ಟಿ, ಸಾಗಣೆ, ವಿತರಕರ ಪಾಲು ಎಲ್ಲ ಸೇರಿದೆ. ಅದಾದ ಮೇಲೂ ಅಂತರ ವಿಪರೀತ ಎನಿಸಿದರೆ ಇನ್ನೆರಡು ಅಂಗಡಿ ಕೇಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಸುತ್ತುವುದು ದಂಡವಲ್ಲ, ಬಿಲ್ಲು ಮತ್ತು ವಾರಂಟಿ ಕೇಳಿ ಪಡೆದುಕೊಂಡರೆ.

ಮೂರು ಸಾವಿರಕ್ಕೆ ಸಿಗುವ 'ಒರಿಜಿನಲ್'

ಬಿಲ್ಲಿನ ಮಾತು ಸುಮ್ಮನೆ ಹೇಳಿದ್ದಲ್ಲ. ನಮ್ಮ ಪರಿಚಯದ ಹುಡುಗನೊಬ್ಬ ಆನ್‌ಲೈನ್ ಜಾಹೀರಾತು ನೋಡಿ ಜಿಟಿಎಕ್ಸ್ 1050 ಟಿಐ 4 ಜಿಬಿ ಕಾರ್ಡನ್ನು ಆಶ್ಚರ್ಯದ ಬೆಲೆಗೆ ತರಿಸಿದ. ವಿಂಡೋಸ್‌ನಲ್ಲಿ ನೋಡಿದರೆ ಹೆಸರು ಸರಿಯಾಗಿಯೇ ಇತ್ತು. ಗೇಮ್ ಹಾಕಿದರೆ ಪರದೆ ಕಪ್ಪು. ವಾಪಸ್ ಮಾಡೋಣವೆಂದರೆ ಮಾರಿದವರ ನಂಬರ್ ಸ್ವಿಚ್ ಆಫ್.

ಇದು ಹಲವು ದೇಶಗಳಲ್ಲಿ ನಡೆದಿರುವ ಮೋಸ. ಜಿಟಿಎಸ್ 450, ಜಿಟಿಎಕ್ಸ್ 550 ಟಿಐನಂಥ 2010-11ರ ಕಾರ್ಡುಗಳನ್ನು ಗುಜರಿಯಿಂದ ತಂದು, ಅದರೊಳಗಿನ ಬಯಾಸ್ ಎಂಬ ತಂತ್ರಾಂಶವನ್ನು ತಿದ್ದಿ, ಹೊಸ ಹೆಸರು ಹೇಳುವಂತೆ ಮಾಡುತ್ತಾರೆ. ಕಾರ್ಡು ಸುಳ್ಳು ಹೇಳುತ್ತದೆ, ವಿಂಡೋಸ್ ಅದನ್ನೇ ಪುನರುಚ್ಚರಿಸುತ್ತದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ 2018ರಿಂದ ಇಂಥ ನಕಲಿ ಎನ್‌ವಿಡಿಯಾ ಕಾರ್ಡುಗಳನ್ನು ಗುರುತಿಸಿ, ಹೆಸರಿನ ಮುಂದೆಯೇ 'ಫೇಕ್' ಎಂದು ತೋರಿಸುತ್ತದೆ. ಇನ್ನೊಂದು ಸುಳಿವು ಕಣ್ಣಿಗೇ ಕಾಣುತ್ತದೆ. ಜಿಟಿಎಕ್ಸ್ 10 ಸರಣಿಯಿಂದ ಎನ್‌ವಿಡಿಯಾ ಹಳೆಯ ಅನಲಾಗ್ ಸಂಕೇತವನ್ನೇ ಕೈಬಿಟ್ಟಿದೆ. 1050 ಟಿಐ ಎಂದು ಹೇಳಿಕೊಳ್ಳುವ ಕಾರ್ಡಿನ ಹಿಂದೆ ನೀಲಿ ವಿಜಿಎ ಪೋರ್ಟ್ ಇದ್ದರೆ ಅನುಮಾನಿಸಿ.

ನಿಜವಾದ ಹಳೆಯ ಕಾರ್ಡು ಕೊಳ್ಳುವುದು ಬೇರೆ ವಿಷಯ, ಅದರಲ್ಲಿ ತಪ್ಪಿಲ್ಲ. "ಕ್ರಿಪ್ಟೊ ಮೈನಿಂಗ್‌ಗೆ ಬಳಸಿದ ಕಾರ್ಡು ಸತ್ತ ಕಾರ್ಡು" ಎನ್ನುತ್ತಾರೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟ ಮೇಲೆ ಅಂಥ ಕಾರ್ಡುಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಒಂದೇ ಬಿಸಿಯಲ್ಲಿ ಸತತ ಓಡಿದ ಮಾತ್ರಕ್ಕೆ ಚಿಪ್ ಸಾಯುವುದಿಲ್ಲ. ಸವೆಯುವುದು ಫ್ಯಾನು, ಒಣಗುವುದು ಥರ್ಮಲ್ ಪೇಸ್ಟ್ ಮತ್ತು ಪ್ಯಾಡ್. ಅರ್ಧ ಗಂಟೆ ಭಾರಿ ಗೇಮ್ ಓಡಿಸಿ ತೋರಿಸಲು ಒಪ್ಪುವವರಿಂದ ಕೊಳ್ಳಿ, ಒಪ್ಪದವರಿಂದ ಬೇಡ. ಜಿಟಿಎಕ್ಸ್ 10 ಸರಣಿಯ ಕಾರ್ಡು ನೋಡುತ್ತಿದ್ದರೆ ಇದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ: ಅವುಗಳಿಗೆ ಹೊಸ ಗೇಮ್‌ಗಳಿಗಾಗಿ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ, ಇನ್ನು ಸುರಕ್ಷತೆಯ ಅಪ್‌ಡೇಟ್ ಮಾತ್ರ.

ಕಾರ್ಡಿನ ಹೊರಗಿನ ಮಾತು

ಕರೆಂಟ್ ಬಿಲ್ಲಿನ ಹೆದರಿಕೆ ಹಲವರಿಗಿದೆ. 170 ವಾಟ್ ಕಾರ್ಡಿಗೂ 115 ವಾಟ್ ಕಾರ್ಡಿಗೂ 55 ವಾಟ್ ಅಂತರ. ದಿನಕ್ಕೆ ಮೂರು ಗಂಟೆ ಆಡಿದರೆ ವರ್ಷಕ್ಕೆ 60 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 420 ರೂಪಾಯಿ. ಅದಕ್ಕಾಗಿ ಕಾರ್ಡು ಬದಲಿಸಬೇಕಿಲ್ಲ. ಆದರೆ ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆಯಾಗಿ ಬಂದ ಎಸ್‌ಎಂಪಿಎಸ್ ನಂಬಿ 180 ವಾಟ್ ಕಾರ್ಡು ಹಾಕಬೇಡಿ. ಅದರ ಮೇಲೆ ಬರೆದಿರುವ ವಾಟ್ ಅಂಕಿಯೂ ಒಂದು ತರಹದ ಫಾರ್ವರ್ಡೇ.

ಮಾನಿಟರ್ 60 ಹರ್ಟ್ಸ್‌ನದ್ದಾದರೆ ಅದು ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸಬಲ್ಲದು. ಕಾರ್ಡು 150 ಬಿಡಿಸಿದರೂ ಕಣ್ಣಿಗೆ ಕಾಣುವುದು 60. ಮೂವತ್ತು ಸಾವಿರದ ಕಾರ್ಡು ಕೊಂಡು ಹಳೆಯ ಮಾನಿಟರಿಗೆ ಜೋಡಿಸುವುದಕ್ಕಿಂತ, ಇಪ್ಪತ್ತು ಸಾವಿರದ ಕಾರ್ಡು ಮತ್ತು 144 ಹರ್ಟ್ಸ್ ಮಾನಿಟರ್ ಎಷ್ಟೋ ಮೇಲು ಎಂಬುದು ನಮ್ಮ ಅನುಭವ.

ಹೊಸ ಕಾರ್ಡು ಹಾಕಿದ ಮೇಲೂ ಗೇಮ್ ಮೊದಲಿನಂತೆಯೇ ಕುಂಟುತ್ತಿದೆ, ಅಂಗಡಿಯವರು ಮೋಸ ಮಾಡಿದ್ದಾರೆ ಎಂದು ಬಂಧುವೊಬ್ಬರು ಮೊನ್ನೆ ಫೋನ್ ಮಾಡಿದ್ದರು. ಕಂಪ್ಯೂಟರಿನ ಹಿಂಬದಿಯ ಫೋಟೊ ಕಳಿಸಿ ಎಂದೆವು. ಮಾನಿಟರಿನ ಎಚ್‌ಡಿಎಂಐ ಕೇಬಲ್ ಹೊಸ ಕಾರ್ಡಿಗಲ್ಲ, ಹಿಂದಿನಂತೆಯೇ ಮೇಲಿನ ಮದರ್‌ಬೋರ್ಡಿನ ಪೋರ್ಟಿಗೆ ಸಿಕ್ಕಿಸಿತ್ತು. ಕೆಳಗಿನದಕ್ಕೆ ಹಾಕಿ ನೋಡಿ ಎಂದೆವು. ಹತ್ತು ನಿಮಿಷ ಬಿಟ್ಟು ಒಂದು ಹೆಬ್ಬೆರಳಿನ ಇಮೋಜಿ ಬಂತು.